ತೋಟಗಾರರ ನೆನಪಿಗೆ ಒಂದು ತೋಪು

ಬೆಂಗಳೂರಿಗೆ ಹೋಗಿಬಂದ ನಮ್ಮ ರೈತರಲ್ಲಿ ಲಾಲ್‌ಬಾಗನ್ನು ನೋಡದವರು ವಿರಳ. ಫಲಪುಷ್ಪ ಪ್ರದರ್ಶನದ ದಿನ ಗಾಜಿನ ಮನೆಯನ್ನು ಸುತ್ತಿ, ಬಸವನಗುಡಿಯ ದೊಡ್ಡ ಬಸವಣ್ಣನಿಗೆ ಕೈಮುಗಿದು, ಸಂಜೆಯ ಬಸ್ಸಿಗೆ ಊರು ಸೇರುವುದು ರೂಢಿ. ಮುಂದಿನ ಸಲ ಹೋದಾಗ ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ತನ್ನನ್ನು ಬೆಳೆಸಿ ಕಾಲವಾದ ತೋಟಗಾರರನ್ನು ಆ ತೋಟ ಹೇಗೆ ನೆನೆದಿದೆ, ಯಾರನ್ನು ಮರೆತಿದೆ ಎಂಬುದನ್ನು ನೋಡಿದರೆ, ನಮ್ಮ ಹಳ್ಳಿಯಲ್ಲಿ ಮಾಡಬೇಕಾದ ಕೆಲಸವೊಂದು ಹೊಳೆಯುತ್ತದೆ.

ಲಾಲ್‌ಬಾಗಿಗೆ 1760ರಲ್ಲಿ ಹೈದರಾಲಿ ಅಡಿಪಾಯ ಹಾಕಿದನು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರಾನ್. ನಮ್ಮ ಹಿತ್ತಿಲಿನ ಚಪ್ಪರಕ್ಕೆ ಹಬ್ಬುವ ಸೀಮೆಬದನೆಯನ್ನು ಈ ಸೀಮೆಗೆ ತಂದವರು ಅವರೇ. ಅವರ ತರುವಾಯ ಬಂದವರು ಜರ್ಮನಿಯಲ್ಲಿ ಹುಟ್ಟಿದ ಜಿ.ಎಚ್. ಕೃಂಬಿಗಲ್. 1893ರಲ್ಲಿ ಬರೋಡೆಗೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಒಂದು ಜಾತಿಯ ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಸಾಲುಮರಗಳನ್ನು ಆರಿಸಿದವರು ಅವರು. 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಈ ಒಬ್ಬರ ನೆನಪಿಗೆ ಎಷ್ಟು ಬಗೆಯ ಗುರುತುಗಳಿದ್ದವು ನೋಡಿರಿ. ತೋಟದ ಮಗ್ಗುಲಲ್ಲಿ ಕೃಂಬಿಗಲ್ ರಸ್ತೆ ಇದೆ. ಆದರೆ ಅದರಲ್ಲಿ ನಡೆಯುವ ಹತ್ತು ಮಂದಿಯನ್ನು ಅದು ಯಾರ ಹೆಸರೆಂದು ಕೇಳಿದರೆ ಒಬ್ಬರು ಹೇಳಿದರೆ ಹೆಚ್ಚು. ತೋಟದೊಳಗೆ ಹಳೆಯ ಉಪನ್ಯಾಸ ಮಂದಿರವೊಂದು ಕೃಂಬಿಗಲ್ ಹಾಲ್ ಎಂಬ ಹೆಸರಿನಿಂದ ನಿಂತಿತ್ತು. ಬಹುಕಾಲ ದುರಸ್ತಿಯಿಲ್ಲದೆ ಶಿಥಿಲವಾಗಿ, 2017ರಲ್ಲಿ ಅದು ನೆಲಸಮವಾಯಿತು. ಕಂಬ ಕಲ್ಲುಗಳ ಕಟ್ಟಡ ಬಿತ್ತು. ಸಾಲುಮರಗಳು ಈಗಲೂ ಹೂ ಬಿಡುತ್ತಿವೆ. ಮರವೂ ತಾನಾಗಿ ಉಳಿಯುವುದಿಲ್ಲ ಎಂಬುದು ಬೇರೆ ಮಾತು.

ಕೃಂಬಿಗಲ್ಲರ ನಂತರ ಎಚ್.ಸಿ. ಜವರಾಯರು, ಮುಂದೆ ಡಾ. ಎಂ.ಎಚ್. ಮರಿಗೌಡರು ಆ ಹೊಣೆ ಹೊತ್ತರು. ಮರಿಗೌಡರ ಹೆಸರಿನ ಭವನ ಲಾಲ್‌ಬಾಗಿನಲ್ಲಿದೆ, ರಸ್ತೆಯೂ ಇದೆ. ನನ್ನನ್ನು ಕೇಳಿದರೆ ಅವರ ನಿಜವಾದ ಸ್ಮಾರಕ ಹಾಪ್‌ಕಾಮ್ಸ್. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಅದರ ತಕ್ಕಡಿಗೆ ನಮ್ಮಲ್ಲಿ ಎಷ್ಟೋ ಮಂದಿ ಹಣ್ಣು ತರಕಾರಿ ಸುರಿದಿದ್ದೇವೆ.

ಇವೆಲ್ಲ ಅಧಿಕಾರಿಗಳ ಹೆಸರಾದವು. ಪಾತಿ ಮಾಡಿ, ನೀರು ಹೊತ್ತು, ಕಸಿ ಕಟ್ಟಿದ ಮಾಲಿಗಳು? ಅವರ ಪೈಕಿ ಒಬ್ಬರ ಹೆಸರನ್ನಾದರೂ ನಾವು ಬಲ್ಲೆವೇ? ನಗುವ ಮುನ್ನ ನಮ್ಮ ಊರನ್ನೇ ನೋಡಿಕೊಳ್ಳೋಣ. ನಮ್ಮೂರ ಕೆರೆ ಕೋಡಿಯ ಬಳಿ ಹಲಸಿನ ಮರಗಳಿವೆ. ಹಾಕಿದವರಾರೆಂದು ಕೇಳಿದೆ. “ನೀರುಗಂಟಿ ತಾತ” ಎಂದರು. ತಾತನ ಹೆಸರೇನೆಂದರೆ ನಾಲ್ಕು ಮನೆ ತಿರುಗಿದರೂ ಸಿಗಲಿಲ್ಲ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಾತ್ರ ನೆನಪು ಮಾಡಿಕೊಂಡು ಹೇಳಿದರು. ಮರುವರ್ಷ ಆಕೆಯೂ ಇರಲಿಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಊರ ದನಗಳನ್ನು ಕಾಯಲು ಹೋರಾಡಿ ಮಡಿದವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಜೊತೆಗೆ ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿಯನ್ನೂ ಬಿಡುತ್ತಿದ್ದರು. ಕಲ್ಲು ನೆನಪಿಗೆ, ನೆಲ ಬದುಕಿಗೆ. ಹಾಗೆಯೇ ದಾರಿಹೋಕರ ನೆರಳಿಗೆಂದು ಊರೂರಿಗೆ ಗುಂಡುತೋಪು ಇತ್ತು. ಪಹಣಿಯಲ್ಲಿ ಗುಂಡುತೋಪು ಎಂದಿದ್ದು ಸ್ಥಳದಲ್ಲಿ ಒಂದು ಮರವೂ ಇಲ್ಲದ ಊರುಗಳು ಈಗ ಹಲವು.

ಆದುದರಿಂದ ನನ್ನ ಸಲಹೆ ಇದು: ಊರಿನ ಕಾಲವಾದ ತೋಟಿಗರು, ಕಸಿ ಕಟ್ಟುವವರು, ನೀರುಗಂಟಿಗಳು, ಇವರ ನೆನಪಿಗೆ ಆ ಗುಂಡುತೋಪನ್ನೇ ಮತ್ತೆ ಎಬ್ಬಿಸುವುದು. ಮೊದಲು ಪಹಣಿ ತೆಗೆಸಿ, ಸರ್ವೆಯವರಿಂದ ಅಳತೆ ಮಾಡಿಸಿ, ಗ್ರಾಮಸಭೆಯಲ್ಲಿ ನಿರ್ಣಯ ಬರೆಸಬೇಕು. ಒತ್ತುವರಿಯಿದ್ದರೆ ಜಗಳ ಅಲ್ಲಿಯೇ ಹುಟ್ಟುತ್ತದೆ. ಅದನ್ನು ತೀರಿಸದೆ ಸಸಿ ನೆಟ್ಟರೆ ಬೆಳಗಾಗುವುದರೊಳಗೆ ಕಿತ್ತಿರುತ್ತಾರೆ.

ಮರದಿಂದ ಮರಕ್ಕೆ 30 ಅಡಿ ಬಿಟ್ಟರೆ ಎಕರೆಗೆ ಸುಮಾರು 48 ಸಸಿ ಹಿಡಿಯುತ್ತವೆ. ಬೇಸಿಗೆಯಲ್ಲಿಯೇ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿರಿ. ಮೇಲ್ಮಣ್ಣಿಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮುಂಗಾರು ಹಿಡಿದ ಮೇಲೆ ನೆಡಿರಿ. ಕಸಿ ಮಾವು ಬೇಗ ಫಲ ಕೊಡುತ್ತದೆ. ಆದರೆ ತೋಪಿಗೆ ನಾಟಿ ಮಾವು, ಹಲಸು, ಹುಣಸೆ, ನೇರಳೆ ಮೇಲು. ಅವು ತಡವಾಗಿ ಬಂದರೂ ಎತ್ತರವಾಗಿ ಬೆಳೆದು ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತವೆ. ಕಸಿ ಗಿಡ ಹಾಕುವುದಾದರೆ ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ.

ನೆಡುವ ದಿನ ಜನ ಸೇರುತ್ತಾರೆ, ಹಾರ ಬೀಳುತ್ತದೆ, ಚಿತ್ರ ತೆಗೆಯುತ್ತಾರೆ. ಸಸಿ ಸಾಯುವುದು ಅದಾದ ಮೇಲಿನ ಮಾರ್ಚಿಯಲ್ಲಿ. ಮೊದಲ ಮೂರು ಬೇಸಿಗೆ ನೀರು ಹಾಕುವವರು ಯಾರು, ಮೇಕೆ ನುಗ್ಗದಂತೆ ಬೇಲಿ ಕಟ್ಟುವವರು ಯಾರು ಎಂಬುದನ್ನು ನೆಡುವ ಮೊದಲೇ ಬರೆದಿಡಿರಿ. ಒಂದೊಂದು ಮರವನ್ನು ಒಂದೊಂದು ಮನೆಗೆ ಒಪ್ಪಿಸುವುದು ಒಳ್ಳೆಯದು. ಸತ್ತವರ ಮೊಮ್ಮಕ್ಕಳ ಮನೆಯೇ ಆದರೆ ಇನ್ನೂ ಲೇಸು. ಫಲದ ಹರಾಜಿನ ಹಣದಲ್ಲಿ ಒಂದು ಪಾಲು ತೋಪಿನ ಬೇಲಿಗೂ ಬಾವಿಗೂ ಮೀಸಲೆಂದು ನಿರ್ಣಯದಲ್ಲಿಯೇ ಸೇರಿಸಿರಿ.

ತೋಪಿನ ಬಾಯಲ್ಲಿ ಒಂದೇ ಒಂದು ಚಪ್ಪಡಿ ಸಾಕು, ಅದರಲ್ಲಿ ಎಲ್ಲರ ಹೆಸರು. ಕೂಲಿಗೆ ಬಂದವರೆಂದು, ಹೆಂಗಸರೆಂದು, ಕೇರಿ ಬೇರೆಯೆಂದು ಯಾರನ್ನೂ ಬಿಡತಕ್ಕದ್ದಲ್ಲ. ಕಲ್ಲು ಕೆತ್ತುವುದಕ್ಕೆ ಮುಂಚೆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ಬಿಟ್ಟುಹೋದವರನ್ನು ಸೇರಿಸಿಕೊಳ್ಳಿರಿ.

ಗುಂಡಿಗೆ ಬೇಸಿಗೆ ಬರಬೇಕು, ಸಸಿಗೆ ಮಳೆ ಬರಬೇಕು. ಹೆಸರು ಬರೆಯುವುದಕ್ಕೆ ಯಾವುದೂ ಬರಬೇಕಾಗಿಲ್ಲ. ಶಾಲೆಯ ದೊಡ್ಡ ಮಕ್ಕಳ ಕೈಗೆ ನೋಟುಪುಸ್ತಕ ಕೊಟ್ಟು, ಊರಿನ ಅತಿ ಹಿರಿಯರ ಮನೆಗಳಿಗೆ ಈ ವಾರವೇ ಕಳುಹಿಸಿರಿ. ಹೆಸರು, ತಂದೆಯ ಹೆಸರು, ಮಾಡುತ್ತಿದ್ದ ಕೆಲಸ, ಹಾಕಿದ ಮರ ಅಥವಾ ತೋಡಿದ ಬಾವಿ, ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದನ್ನು ಶಾಲೆಯಲ್ಲಿ, ಇನ್ನೊಂದನ್ನು ಪಂಚಾಯಿತಿ ಕಚೇರಿಯಲ್ಲಿ ಇಡಿರಿ.