ಬಿಸಿಲೆ: ನೀರು ಕವಲೊಡೆಯುವ ಊರು

ನಮ್ಮ ಸಕಲೇಶಪುರ ಸೀಮೆಯ ಅಂಚಿನಲ್ಲಿ, ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ತಲೆಯ ಮೇಲೆ ಬಿಸಿಲೆ ಎಂಬ ಚಿಕ್ಕ ಊರುಂಟು. ಸುತ್ತಲೂ ಅಡವಿ, ಎದುರಿಗೆ ಕುಮಾರ ಪರ್ವತ. ಮಳೆಗಾಲದಲ್ಲಿ ಇಲ್ಲಿ ಮಳೆಯು ಬಿಡದೆ ಹೊಯ್ಯುವದು. ಆದದರಿಂದ ಅನೇಕರು ಇದನ್ನು ಮೂಲೆಯ ಊರೆಂದು ಎಣಿಸುತ್ತಾರೆ.

ಆದರೆ ಅದರ ಸಮೀಪದ ಮಂಕನಹಳ್ಳಿಯ ದಿಣ್ಣೆಯನ್ನು ನೋಡೋಣ. ಪಡುವಣ ಮಗ್ಗುಲಿಗೆ ಬಿದ್ದ ಮಳೆಯು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನ ಬಳಿಯಲ್ಲಿ ಅರಬ್ಬೀ ಸಮುದ್ರವನ್ನು ಮುಟ್ಟುವದು. ಮೂಡಣ ಮಗ್ಗುಲಿಗೆ ಬಿದ್ದದ್ದು ಹೇಮಾವತಿಯ ಮೂಲಕ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುವದು.

ಇದರಿಂದ ನಾವು ತಿಳಿಯತಕ್ಕದ್ದೇನಂದರೆ: ಘಟ್ಟದ ಮರಗಳು ಮಳೆಯ ಪೆಟ್ಟನ್ನು ತಡೆದು ನೀರನ್ನು ನೆಲಕ್ಕೆ ಇಂಗಿಸುತ್ತವೆ. ಮರ ಹೋದರೆ ಮಣ್ಣು ಹೊಳೆಯ ಪಾಲಾಗುವದು. ಬೇಸಿಗೆಯಲ್ಲಿ ಒರತೆ ಬತ್ತುವದು. ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ನೀರಿನಿಂದ ಹಾಸನ, ಮಂಡ್ಯ, ತುಮಕೂರಿನ ರೈತರು ಬೆಳೆ ತೆಗೆಯುತ್ತಾರೆ. ಅವರಲ್ಲಿ ಬಿಸಿಲೆಯನ್ನು ಕಂಡವರು ಕೆಲವರೇ. ಆದರೂ ಅವರ ಅನ್ನದಲ್ಲಿ ಈ ಅಡವಿಯ ಪಾಲುಂಟು.

ಆದಕಾರಣ ಇಂಥ ಊರಿಗೆ ದಾರಿ, ಶಾಲೆ, ಔಷಧ ಒದಗಿಸುವದನ್ನು ಯಾರೂ ದಾನವೆಂದು ಎಣಿಸದಿರಲಿ. ನೀರು ಕುಡಿದವರು ತೀರಿಸತಕ್ಕ ಸಾಲವದು.