ಹಾರ್ಡ್ ಡಿಸ್ಕಿನ ವಿಭಾಗಗಳು

ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಂಡಾಗ ನೆಲದ ಮೇಲೆ ಬದು ಏಳುತ್ತದೆ, ಮೂಲೆಗಳಲ್ಲಿ ಸರ್ವೆ ಕಲ್ಲುಗಳು ನಿಲ್ಲುತ್ತವೆ, ಪಹಣಿಯಲ್ಲಿ ಹಿಸ್ಸೆಗಳು ದಾಖಲಾಗುತ್ತವೆ. ಗಣಕಯಂತ್ರದ ಹಾರ್ಡ್ ಡಿಸ್ಕನ್ನು ವಿಭಾಗಿಸಿದಾಗಲಾದರೋ ಬದುವೂ ಇಲ್ಲ, ಕಲ್ಲೂ ಇಲ್ಲ, ಇರುವುದು ಪಹಣಿಯೊಂದೇ.

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ರಾಮಾಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲವೂ ಸೇರಿ ಹಿಡಿದಿಡುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಲ್ಲಿ ಹಿಡಿಯುವ ಡಿಸ್ಕಿನಲ್ಲಿ ಒಂದು ಟೆರಾಬೈಟ್, ಎಂದರೆ ಒಂದು ಲಕ್ಷ ಕೋಟಿ ಬೈಟುಗಳಷ್ಟು ಸ್ಥಳವಿರುತ್ತದೆ. (ವಿಂಡೋಸ್ ಇದನ್ನು 931 ಎಂದು ತೋರಿಸುವುದುಂಟು. ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.) ಯಂತ್ರವನ್ನು ನಡೆಸುವ ವ್ಯವಸ್ಥೆಗೆ ಒಂದು ಭಾಗ, ನಮ್ಮ ಕಡತಗಳಿಗೆ ಇನ್ನೊಂದು ಭಾಗ ಎಂದು ಈ ಸ್ಥಳವನ್ನು ಹಂಚುವುದು ರೂಢಿ. ಮೊದಲನೆಯದನ್ನು ಅಳಿಸಿ ಮತ್ತೆ ಸ್ಥಾಪಿಸಬೇಕಾಗಿ ಬಂದರೂ ಎರಡನೆಯದು ಉಳಿಯಬಲ್ಲದು. ಡಿಸ್ಕೇ ಕೆಟ್ಟರೆ ಮಾತ್ರ ಎರಡೂ ಒಟ್ಟಿಗೆ ಹೋಗುತ್ತವೆ.

ಹಂಚಿಕೆಯ ದಾಖಲೆ ಬಹಳ ಚಿಕ್ಕದು. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯ ಕಾಲದ ಪದ್ಧತಿಯಲ್ಲಿ, ಡಿಸ್ಕಿನ ಮೊದಲ 512 ಬೈಟುಗಳೊಳಗೆ 64 ಬೈಟುಗಳ ಒಂದು ಕೋಷ್ಟಕವಿರುತ್ತದೆ. ಅದರಲ್ಲಿ 4 ವಿಭಾಗಗಳಿಗೆ ಎಡೆಯುಂಟು. ಪ್ರತಿಯೊಂದೂ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ ಎಂಬುದನ್ನು ಬರೆದಿಡಲಾಗುತ್ತದೆ. ಈಚಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವಿದ್ದು, ಕೋಷ್ಟಕದ ನಕಲೊಂದು ಡಿಸ್ಕಿನ ತುದಿಯಲ್ಲಿಯೂ ಇರುತ್ತದೆ.

ಹೊಸಬರನ್ನು ಗಲಿಬಿಲಿಗೊಳಿಸುವುದು ‘ಖಾಲಿ’ ಎಂಬ ಮಾತು. ವಿಭಾಗದೊಳಗೆ ಕಡತಗಳಿಲ್ಲದ ಜಾಗ ಒಂದು ಬಗೆಯ ಖಾಲಿ. ಯಾವ ವಿಭಾಗಕ್ಕೂ ಸೇರದ ಜಾಗ ಇನ್ನೊಂದು ಬಗೆಯದು. ಎರಡನೆಯದಕ್ಕೆ ಸಿ, ಡಿ ಎಂಬ ಹೆಸರಿಲ್ಲ. ಕಡತಗಳ ಕಿಟಕಿಯಲ್ಲಿ ಅದು ಕಾಣಿಸುವುದೂ ಇಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸಾಧನವನ್ನು ತೆರೆದಾಗ ಮಾತ್ರ ಕಪ್ಪು ಪಟ್ಟಿಯ ಕೆಳಗೆ ಗೋಚರಿಸುತ್ತದೆ. ಹೊಸ ಡಿಸ್ಕನ್ನು ಜೋಡಿಸಿದವನು ಅದು ಕಾಣಿಸದೆ ಕಂಗಾಲಾಗುವುದು ಇದರಿಂದಲೇ.

ಆ ಜಾಗದಲ್ಲಿ ಹೊಸ ವಿಭಾಗವನ್ನು ರಚಿಸಬಹುದು, ಇಲ್ಲವೇ ನೆರೆಯ ವಿಭಾಗಕ್ಕೆ ಸೇರಿಸಬಹುದು. ಆದರೆ ಈ ಸಾಧನವು ವಿಭಾಗವನ್ನು ಬಲಕ್ಕೆ ಮಾತ್ರ ಬೆಳೆಸುತ್ತದೆ. ಖಾಲಿ ಜಾಗವು ಬಲಮಗ್ಗುಲಿಗೆ ತಾಗಿಕೊಂಡೇ ಇರಬೇಕು. ಕಾರಣ ಸರಳವಾದುದು. ಬಲಕ್ಕೆ ಬೆಳೆದರೆ ಆರಂಭದ ಗುರುತು ಕದಲುವುದಿಲ್ಲ. ಎಡಕ್ಕೆ ಬೆಳೆಯಬೇಕಾದರೆ ಆರಂಭವೇ ಬದಲಾಗಿ, ಒಳಗಿನ ಕಡತಗಳನ್ನೆಲ್ಲ ಸಾಗಿಸಬೇಕಾಗುತ್ತದೆ. ಹಲವು ಯಂತ್ರಗಳಲ್ಲಿ ಸಿ ವಿಭಾಗಕ್ಕೂ ಖಾಲಿ ಜಾಗಕ್ಕೂ ನಡುವೆ ರಿಕವರಿ ಎಂಬ ಸಣ್ಣ ವಿಭಾಗವೊಂದು ಅಡ್ಡ ನಿಂತಿರುತ್ತದೆ. ಅದನ್ನು ಅಳಿಸಲು ಕೈ ತುರಿಸುವುದು ಸಹಜ. ಕೆಟ್ಟ ವ್ಯವಸ್ಥೆಯನ್ನು ಸರಿಪಡಿಸುವ ಸಾಮಗ್ರಿಯಿರುವುದು ಅಲ್ಲಿಯೇ.

ಇನ್ನು ಸಿ ವಿಭಾಗವನ್ನು ಕುಗ್ಗಿಸಿ ಜಾಗ ಪಡೆಯುವುದು. ಒಳಗೆ 200 ಗಿಗಾಬೈಟ್ ಖಾಲಿಯಿದ್ದರೂ ಸಾಧನವು ಅದರಲ್ಲಿ ಸ್ವಲ್ಪವನ್ನಷ್ಟೇ ಬಿಟ್ಟುಕೊಡಬಹುದು. ಕದಲಿಸಲಾಗದ ಕಡತವೊಂದು ಕೊನೆಯ ಭಾಗದಲ್ಲಿ ಕುಳಿತಿದ್ದರೆ ಗಡಿಯು ಅದನ್ನು ದಾಟಿ ಒಳಗೆ ಸರಿಯಲಾರದು.

ಇವೆಲ್ಲಕ್ಕೂ ಮೊದಲು ಅಮೂಲ್ಯ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ವಿಭಾಗವನ್ನು ಅಳಿಸಲು ಕೆಲವು ಕ್ಷಣಗಳು ಸಾಕು. ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಮದುವೆಯ ಚಿತ್ರಗಳೂ ಲೆಕ್ಕಪತ್ರಗಳೂ ಆಗಲೂ ಇದ್ದಲ್ಲಿಯೇ ಇರುತ್ತವೆ. ಹೋದುದು ಅವುಗಳ ಠಾವನ್ನು ತೋರಿಸುತ್ತಿದ್ದ ದಾಖಲೆ. ಅವುಗಳ ಮೇಲೆ ಬೇರೇನೂ ಬರೆಯದಿರುವವರೆಗೆ ವಿಶೇಷ ತಂತ್ರಾಂಶಗಳು ಕೆಲವೊಮ್ಮೆ ಅವನ್ನು ಹುಡುಕಿಕೊಡಬಲ್ಲವು.