ಮಕ್ಕಳ ಉದ್ಯಮಕ್ಕೆ ಅನುಭವಿಗಳನ್ನು ಅರಸುತ್ತಿರುವ ತರುಣ ಮಾಸ್ತರನಿಗೆ



ಪ್ರೌಢಶಾಲೆಯ ಮಕ್ಕಳು ಕೈಗೊಂಡಿರುವ ಸಣ್ಣ ಉದ್ಯಮಗಳಿಗೆ ಸಲಹೆ ನೀಡಬಲ್ಲ ಅನುಭವಿಗಳನ್ನು, ಅವರಿಗೆ ಸಂಭಾವನೆಯೆಂದು ಕೊಡಲು ಶಾಲೆಯಲ್ಲಿ ಬಿಡಿಗಾಸೂ ಇಲ್ಲದಿರುವಾಗ, ಎಲ್ಲಿಂದ ಹೇಗೆ ಒದಗಿಸಿಕೊಳ್ಳಬೇಕೆಂದು ಕೇಳಿರುವೆ. ಇದೇ ಪ್ರಶ್ನೆಯನ್ನು ಧಾರವಾಡ ಸೀಮೆಯ ಬೇರೆ ತರುಣ ಉಪಾಧ್ಯಾಯರೂ ಕೇಳುತ್ತಿರುವುದರಿಂದ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಬ್ಯಾಂಕಿನಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಅರ್ಜಿಗಳನ್ನು ಓದುತ್ತ ವಯಸ್ಸು ಸವೆಸಿದವನ ಮಾತೆಂದು ತಿಳಿದು, ಒಪ್ಪಿದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಬಿಡು.

ನಿನ್ನ ಪತ್ರದೊಡನೆ ಬಂದ ಹೆಸರುಗಳ ಪಟ್ಟಿಯನ್ನು ನೋಡಿದೆನು. ಬೆಂಗಳೂರಿನ ದೊಡ್ಡ ಕಂಪನಿಗಳ ಸ್ಥಾಪಕರು, ಪತ್ರಿಕೆಗಳಲ್ಲಿ ಭಾವಚಿತ್ರ ಬರುವವರು, ಪ್ರಶಸ್ತಿ ಪಡೆದವರು, ಎಲ್ಲರೂ ಗೌರವಾರ್ಹರೇ. ಆದರೆ ಅವರಲ್ಲಿ ಯಾರನ್ನು ಏನು ಕೇಳಬೇಕೆಂಬುದು ಮಾತ್ರ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ‘ನಮ್ಮ ಮಕ್ಕಳಿಗೆ ಮಾರ್ಗದರ್ಶನ ಮಾಡಿ’ ಎಂಬ ಕೋರಿಕೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಅದನ್ನು ಒಪ್ಪಿಕೊಂಡರೆ ಎಷ್ಟು ಕಾಲ ಕೊಡಬೇಕಾದೀತು, ಯಾವ ಹೊಣೆಯನ್ನು ಹೊರಬೇಕಾದೀತು ಎಂಬುದನ್ನು ಊಹಿಸಲಾರದವನು ಸೌಜನ್ಯದಿಂದ ‘ನೋಡೋಣ’ ಎಂದುಬಿಡುತ್ತಾನೆ, ಮತ್ತು ನಮ್ಮ ಕಡೆಯಲ್ಲಿ ನೋಡೋಣವೆಂದರೆ ಏನೆಂಬುದು ನಿನಗೂ ಗೊತ್ತು. ಜನರಲ್ಲಿ ಔದಾರ್ಯದ ಅಭಾವವಿದೆಯೆಂದು ನಾನು ನಂಬಲಾರೆ. ನಮ್ಮ ಕೋರಿಕೆಯ ಅಸ್ಪಷ್ಟತೆಯೇ ಈ ಕಾರ್ಯಕ್ಕೆ ದೊಡ್ಡ ವಿಘ್ನವೆಂಬುದು ನನ್ನ ದೃಢವಾದ ಅಭಿಪ್ರಾಯ. ಆದುದರಿಂದ ತಜ್ಞನನ್ನು ಅರಸುವ ಮುನ್ನ ಪ್ರಶ್ನೆಯನ್ನು ಅರಸು. ಮಕ್ಕಳು ಕೆಲಸದಲ್ಲಿ ತೊಡಗಿ, ತಮಗೆ ತಿಳಿದಷ್ಟನ್ನು ಮಾಡಿ, ಇನ್ನು ಮುಂದೆ ಹೋಗಲಾರೆವೆಂದು ನಿಂತ ತರುವಾಯವೇ ಅಲ್ಲಿ ಹೊರಗಿನವರಿಗೆ ಕೆಲಸವುಂಟು.

ನಿನ್ನ ಒಂಬತ್ತನೆಯ ತರಗತಿಯ ಹುಡುಗಿಯರ ಸಂಗತಿಯನ್ನೇ ತೆಗೆದುಕೊ. ಮಕ್ಕಳ ಸಂತೆಯಲ್ಲಿ ಅವರ ಶೇಂಗಾ ಚಟ್ನಿಪುಡಿಯು ಚೆನ್ನಾಗಿ ಮಾರಾಟವಾಯಿತು. ಆದರೆ ಉಳಿದ ಪೊಟ್ಟಣಗಳು ಕೆಲವು ವಾರಗಳಲ್ಲಿ ಕಮಟು ವಾಸನೆ ಬಂದು ಕೆಟ್ಟುವೆಂದು ನೀನು ವಿಷಾದದಿಂದ ಬರೆದಿರುವೆ. ವಿಷಾದವೇಕೆ? ಆ ಕಮಟು ವಾಸನೆಯೇ ನಿನಗೆ ದೊರೆತ ಮೊದಲನೆಯ ಉತ್ತಮ ಪ್ರಶ್ನೆ. ಶೇಂಗಾ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಹುರಿದು ಕುಟ್ಟಿದೊಡನೆ ಆ ಎಣ್ಣೆಯು ಗಾಳಿಗೆ ತೆರೆದುಕೊಂಡು, ಸೆಖೆ ಮತ್ತು ಬೆಳಕುಗಳ ಸಹಾಯದಿಂದ ಆಮ್ಲಜನಕದೊಡನೆ ಕೂಡಿ ಕೆಡತೊಡಗುತ್ತದೆ. ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಚೀಲವು ಗಾಳಿಯನ್ನೂ ಬೆಳಕನ್ನೂ ತಡೆಯಲಾರದು. ಇಷ್ಟನ್ನು ನಾನೇ ಬರೆದುಬಿಟ್ಟೆ, ನಿಜ; ಆದರೆ ಎಷ್ಟು ಹುರಿಯಬೇಕು, ಯಾವ ಪದರದ ಚೀಲ ಬೇಕು, ಆ ಚೀಲಕ್ಕೆ ತಗಲುವ ವೆಚ್ಚವನ್ನು ಪುಡಿಯ ಬೆಲೆಯು ಹೊತ್ತೀತೇ ಎಂಬವು ನನಗೆ ನಿಲುಕದ ಮಾತುಗಳು. ಈಗ ನೋಡು, ಯಾರನ್ನು ಕರೆಯಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಖಡಕ್ ರೊಟ್ಟಿ ಮತ್ತು ಚಟ್ನಿಪುಡಿಗಳನ್ನು ಊರೂರಿಗೆ ಕಳುಹಿಸುವ ಸ್ವಸಹಾಯ ಸಂಘದ ತಾಯಿಯೊಬ್ಬಳು ನಿಮ್ಮ ಓಣಿಯಲ್ಲಿಯೇ ಇದ್ದಾಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನವನ್ನು ಬೋಧಿಸುವವರುಂಟು. ಹುಬ್ಬಳ್ಳಿಯ ಪೇಟೆಯಲ್ಲಿ ಪ್ಯಾಕಿಂಗ್ ಸಾಮಾನು ಮಾರುವ ವರ್ತಕನುಂಟು. ಮೂವರಿಗೂ ಒಂದೊಂದು ತಾಸಿನ ಕೆಲಸ. ಈ ಮೂವರಲ್ಲಿ ಒಬ್ಬರೂ ನಿನ್ನ ಪಟ್ಟಿಯಲ್ಲಿರಲಿಲ್ಲ.

ಮಕ್ಕಳ ಸಂತೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಸಾಯಂಕಾಲ ಡಬ್ಬಿಯಲ್ಲಿ ಕೂಡಿದ ರೊಕ್ಕವನ್ನೆಲ್ಲ ಲಾಭವೆಂದು ಘೋಷಿಸಿ ಚಪ್ಪಾಳೆ ತಟ್ಟುವ ಪದ್ಧತಿಯನ್ನು ನಾನು ಮೆಚ್ಚಲಾರೆ. ಶೇಂಗಾ ಮನೆಯದು, ಕಾರ ಮನೆಯದು, ಮಿಕ್ಸರಿಗೆ ಉರಿದ ವಿದ್ಯುತ್ತು ಮನೆಯದು, ನಸುಕಿನಲ್ಲಿ ಎದ್ದು ಹುರಿದ ತಾಯಿಯ ಶ್ರಮವಂತೂ ಯಾರ ಲೆಕ್ಕದಲ್ಲಿಯೂ ಇಲ್ಲ. ಇವನ್ನೆಲ್ಲ ಬರೆದು ಕೂಡಿಸಿದರೆ ಎಷ್ಟೋ ಅಂಗಡಿಗಳು ನಷ್ಟದಲ್ಲಿ ನಡೆದುವೆಂದು ತಿಳಿಯುತ್ತದೆ, ಮತ್ತು ಹಾಗೆ ತಿಳಿಯುವುದೇ ಆ ದಿನದ ಪಾಠ. ಲೆಕ್ಕ ಪರಿಶೋಧಕರೊಬ್ಬರಿಗೆ ಆ ಒಂದೇ ಹಾಳೆಯನ್ನು ತೋರಿಸಿ, ಇದರಲ್ಲಿ ಏನು ಬಿಟ್ಟುಹೋಗಿದೆಯೆಂದು ಕೇಳಿದರೆ, ಅವರು ಸಂತೋಷದಿಂದ ಕುಳಿತುಕೊಳ್ಳುತ್ತಾರೆ. ಉದ್ಯಮಶೀಲತೆಯನ್ನು ಕುರಿತು ನಾಲ್ಕು ಮಾತು ಆಡಿರೆಂದರೆ ತಪ್ಪಿಸಿಕೊಳ್ಳುತ್ತಾರೆ.

ಇಂಥವರನ್ನು ಗುರುತಿಸುವ ಬಗೆ ಹೇಗೆಂದು ಕೇಳುವೆಯಾದರೆ, ಪುಸ್ತಕದಲ್ಲಿಲ್ಲದ ಒಂದು ಉಪಾಯವನ್ನು ಹೇಳುತ್ತೇನೆ: ನಿಮ್ಮೂರಿನ ಪಿಗ್ಮಿ ಏಜೆಂಟನನ್ನು ಕಂಡು ಮಾತನಾಡು. 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಖ್ಯಾತವಾದ ಸಂಸ್ಥೆಯು 1928ರಲ್ಲಿ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಠೇವಣಿ ಕೂಡಿಸುವ ಪಿಗ್ಮಿ ಪದ್ಧತಿಯನ್ನು ಆರಂಭಿಸಿದಂದಿನಿಂದ, ಕನ್ನಡನಾಡಿನ ಪೇಟೆಗಳ ನಾಡಿಯನ್ನು ಈತನಷ್ಟು ಬಲ್ಲವರು ಬೇರೊಬ್ಬರಿಲ್ಲ. ಯಾವ ಅಂಗಡಿ ಏರುತ್ತಿದೆ, ಯಾವುದು ಇಳಿಯುತ್ತಿದೆ, ಯಾರು ನಷ್ಟವನ್ನು ಉಂಡು ಮತ್ತೆ ಎದ್ದು ನಿಂತರು, ಅದನ್ನು ಮುಚ್ಚುಮರೆಯಿಲ್ಲದೆ ಹೇಳುವ ಸ್ವಭಾವ ಯಾರದು ಎಂಬುದೆಲ್ಲ ಆತನಿಗೆ ಗೊತ್ತು. ಗಿರಾಕಿಗಳ ಹಣದ ಗುಟ್ಟನ್ನು ಆತನು ಹೇಳತಕ್ಕದ್ದಲ್ಲ, ನೀನು ಕೇಳತಕ್ಕದ್ದೂ ಅಲ್ಲ. ಮಕ್ಕಳೊಡನೆ ತಾಳ್ಮೆಯಿಂದ ಮಾತನಾಡಬಲ್ಲ ಐದಾರು ಜನರ ಹೆಸರು ಕೇಳಿದರೆ ಸಾಕು. ಹಾಗೆಯೇ, ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜಗಳನ್ನು ಹೊಲಿಯುವ ಮಹಿಳೆಯರನ್ನು ನೆನೆದುಕೊ. ಅಳತೆ, ಬಣ್ಣ, ನೇಯ್ಗೆ ಎಲ್ಲವೂ ನಿಗದಿಯಾದ ಮಾನಕಕ್ಕೆ ಹೊಂದಬೇಕಾದ ಆ ಕೆಲಸದಲ್ಲಿ ಕೈ ಪಳಗಿದವರು ಗುಣಮಟ್ಟವನ್ನು ಕುರಿತು ಮಕ್ಕಳಿಗೆ ತೋರಿಸಿಕೊಡುವಷ್ಟನ್ನು ಯಾವ ಭಾಷಣವೂ ಹೇಳಲಾರದು.

ಸಂಸ್ಥೆಗಳೂ ಇಲ್ಲದಿಲ್ಲ. 1978ರಿಂದ ನಡೆದುಬಂದಿರುವ ಜಿಲ್ಲಾ ಕೈಗಾರಿಕಾ ಕೇಂದ್ರ, ಧಾರವಾಡದಲ್ಲಿಯೇ ಇರುವ ಉದ್ಯಮಶೀಲತಾಭಿವೃದ್ಧಿ ಕೇಂದ್ರವಾದ ಸಿಡಾಕ್, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದರ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರಗಳು, ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ, ಇವೆಲ್ಲವುಗಳಲ್ಲಿ ಅನುಭವಿಗಳ ಪರಿಚಯವುಳ್ಳವರಿದ್ದಾರೆ. ನೆರೆಯ ಯಾವುದಾದರೂ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಯಿದ್ದರೆ ಅಲ್ಲಿಗೂ ಒಮ್ಮೆ ಹೋಗಿ ಬಾ. 2016ರಲ್ಲಿ ಆರಂಭವಾದ ಆ ಯೋಜನೆಯು ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗಾಗಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಯವರೆಗೆ ನೆರವು ಕೊಡುವುದಲ್ಲದೆ, ವೇತನವಿಲ್ಲದೆ ಬರುವ ಮಾರ್ಗದರ್ಶಕರನ್ನೂ ಗೊತ್ತುಪಡಿಸುತ್ತದೆ. ಬೇರೆಡೆಗಳಲ್ಲಿಯೂ ಇಂಥ ಪ್ರಯತ್ನಗಳು ನಡೆದಿವೆ. ದಿಲ್ಲಿಯ ಸರಕಾರಿ ಶಾಲೆಗಳಲ್ಲಿ 2021ರಲ್ಲಿ ಮೇಲಿನ ತರಗತಿಗಳ ಮಕ್ಕಳಿಗೆ ತಲಾ 2,000 ರೂಪಾಯಿಯ ಮೂಲಧನ ಕೊಟ್ಟು ತಂಡ ಕಟ್ಟಿಸಿದರು. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ 1919ರಲ್ಲಿ ಹುಟ್ಟಿದ ಜೂನಿಯರ್ ಅಚೀವ್‌ಮೆಂಟ್ ಸಂಸ್ಥೆಯಲ್ಲಂತೂ ಮಕ್ಕಳು ಅಲ್ಪ ಬೆಲೆಯ ಷೇರು ಮಾರಿ ಪುಟ್ಟ ಕಂಪನಿ ಕಟ್ಟುತ್ತಿದ್ದರು, ಊರಿನ ವ್ಯವಹಾರಸ್ಥರು ಅವರ ಪಕ್ಕದಲ್ಲಿ ಸಲಹೆಗಾರರಾಗಿ ಕುಳಿತಿರುತ್ತಿದ್ದರು. ಎಂದರೆ ಈ ವಿಚಾರ ನೂರು ವರ್ಷ ಹಳೆಯದು; ನೀನು ಹೊಸದೇನನ್ನೋ ಮಾಡುತ್ತಿರುವೆಯೆಂಬ ಭಯವೂ ಬೇಡ, ಬಿಂಕವೂ ಬೇಡ.

ಇನ್ನು ಕರೆಯುವ ರೀತಿ. ಶಾಲೆಗೆ ಬಂದವರನ್ನೆಲ್ಲ ಮುಖ್ಯ ಅತಿಥಿಗಳನ್ನಾಗಿ ಮಾಡಿ, ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಹಾರ ಹಾಕಿ, ಸ್ವಾಗತಗೀತೆಯಿಂದ ವಂದನಾರ್ಪಣೆಯವರೆಗೆ ಎರಡು ತಾಸು ಕಳೆದು, ಕಟ್ಟಕಡೆಗೆ ‘ಹಿತವಚನ’ಕ್ಕೆ ಹತ್ತು ನಿಮಿಷ ಉಳಿಸುವ ನಮ್ಮ ಕ್ರಮವು ಸತ್ಕಾರದ ದೃಷ್ಟಿಯಿಂದ ಎಷ್ಟೇ ರಮಣೀಯವಾದರೂ ಈ ಕಾರ್ಯಕ್ಕೆ ಮಾರಕ. ಬಂದವನಿಗೆ ಒಂದು ಬೆಂಚು, ಚಹಾ, ಎದುರಿಗೆ ಐದು ಮಕ್ಕಳು ಮತ್ತು ಕೆಟ್ಟ ಪುಡಿಯ ಪೊಟ್ಟಣ, ಇಷ್ಟು ಸಾಕು. ಪತ್ರವನ್ನು ಮಕ್ಕಳ ಕೈಯಿಂದಲೇ ಬರೆಸು; ಏನು ಮಾಡಿದೆವು, ಎಲ್ಲಿ ನಿಂತೆವು, ಯಾವ ಪ್ರಶ್ನೆಗೆ ಉತ್ತರ ಬೇಕು, ಯಾವ ಶನಿವಾರ ಎಷ್ಟು ಹೊತ್ತು ಎಂಬುದು ಹಾಳೆಯ ಒಂದು ಮಗ್ಗುಲಿನಲ್ಲಿ ಮುಗಿಯಬೇಕು. ಕಾಲವನ್ನೂ ನೋಡು: ಬಿತ್ತನೆಯ ದಿನಗಳಲ್ಲಿ ರೈತನನ್ನು, ದೀಪಾವಳಿಯ ಮುಂಚೆ ವರ್ತಕನನ್ನು ಕರೆಯುವುದು ಅವಿವೇಕ, ಫೆಬ್ರುವರಿಯ ತರುವಾಯ ಪರೀಕ್ಷೆಯ ಗಡಿಬಿಡಿಯಲ್ಲಿ ನಿನ್ನ ಮಕ್ಕಳೇ ಸಿಗಲಾರರು. ದೀಪಾವಳಿಗೂ ಸಂಕ್ರಾಂತಿಗೂ ನಡುವಣ ವಾರಗಳೇ ಪ್ರಶಸ್ತ. ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಪ್ರಯಾಣದ ತೊಂದರೆ ಕೊಡದೆ ವಿಡಿಯೊ ಕರೆಯಲ್ಲಿಯೇ ಒಂದು ಪ್ರಶ್ನೆ ಕೇಳಬಹುದು.

ಬಂದವರಲ್ಲಿ ಕೆಲವರು ಕಷ್ಟ ಕೊಡುತ್ತಾರೆ. ತಮ್ಮ ಜೀವನಚರಿತ್ರೆಯನ್ನು ಹೇಳತೊಡಗಿದವರನ್ನು ತಡೆಯುವುದು ಸುಲಭ. ಮಕ್ಕಳ ಮೇಲಿನ ವಾತ್ಸಲ್ಯದಿಂದ ಕೆಲಸವನ್ನೆಲ್ಲ ತಾವೇ ಮಾಡಿಬಿಡುವವರೇ ನಿಜವಾಗಿ ಅಪಾಯಕಾರಿಗಳು. ಒಳ್ಳೆಯ ಚೀಲ ತಂದುಕೊಟ್ಟು, ಲೇಬಲ್ ಮುದ್ರಿಸಿಕೊಟ್ಟು, ಉಳಿದ ಸರಕನ್ನೆಲ್ಲ ತಾವೇ ಕೊಂಡುಕೊಂಡು ಹೋದರೆ ಮಕ್ಕಳಿಗೆ ಉಳಿಯುವುದೇನು? ಉತ್ತರ ಹೇಳುವ ಮುಂಚೆ ಮೂರು ಪ್ರಶ್ನೆಗಳನ್ನಾದರೂ ಮಕ್ಕಳಿಗೆ ಮರಳಿ ಕೇಳಬೇಕೆಂದು ಮೊದಲೇ ವಿನಂತಿಸಿಕೊ. ತಮ್ಮ ತರಬೇತಿಯ ವರ್ಗಕ್ಕೋ ಅಂಗಡಿಗೋ ಗಿರಾಕಿಗಳನ್ನು ಹುಡುಕಿಕೊಂಡು ಬಂದವರಿಗೆ ಚಹಾ ಕೊಟ್ಟು ಕಳುಹಿಸು.

ಒಂದು ವಿಷಯದಲ್ಲಿ ಮಾತ್ರ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಬರುವವರು ಎಂಥ ಮಾನ್ಯರೇ ಆಗಿರಲಿ, ಪೂರ್ವಾಪರವನ್ನು ವಿಚಾರಿಸಿ, ಮುಖ್ಯೋಪಾಧ್ಯಾಯರ ಲಿಖಿತ ಅನುಮತಿಯನ್ನೂ ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆಯನ್ನೂ ಪಡೆ. ಉಪಾಧ್ಯಾಯರೊಬ್ಬರು ಕೊನೆಯವರೆಗೂ ಅಲ್ಲಿಯೇ ಇರಬೇಕು. ಮಕ್ಕಳೊಡನೆ ನೇರವಾಗಿ ಫೋನು, ವಾಟ್ಸಾಪು ನಡೆಯಕೂಡದು. ಭೇಟಿ ಶಾಲೆಯ ಹೊರಗಾದರೆ ಪೋಷಕರಿಗೆ ತಿಳಿದಿರಬೇಕು. 2012ರ ಪೋಕ್ಸೊ ಕಾಯಿದೆಯ ವಿಷಯವನ್ನು ನಿಮ್ಮ ಶಾಲೆಯಲ್ಲಿ ಎಲ್ಲರಿಗೂ ಹೇಳಿಯೇ ಇರುತ್ತಾರೆ; ಸಜ್ಜನರಾದವರು ಈ ನಿಯಮಗಳಿಂದ ನೊಂದುಕೊಳ್ಳುವುದಿಲ್ಲ, ನೊಂದುಕೊಂಡವರನ್ನು ಕಳೆದುಕೊಂಡರೆ ನಷ್ಟವೂ ಇಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಕರಾರಿಗೆ ಅರ್ಹರಲ್ಲವಾದುದರಿಂದ, ಯಾರಾದರೂ ಮಕ್ಕಳಿಂದ ಸಹಿ ಕೇಳಿದರೆ ಕಾಗದವನ್ನು ಮೊದಲು ನಿಮ್ಮೂರಿನ ವಕೀಲರಿಗೆ ತೋರಿಸು. ತಿನ್ನುವ ಪದಾರ್ಥವನ್ನು ಸಂತೆಯಾಚೆ ನಿಯತವಾಗಿ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿಯನ್ನು ಪಾಲಕರ ಹೆಸರಿನಲ್ಲಿ ಮಾಡಿಸಬೇಕಾದೀತು, ಅದನ್ನೂ ಆ ವಕೀಲರನ್ನೇ ಕೇಳು.

ಬಂದುಹೋದವರಿಗೆ ತಿಂಗಳೊಳಗಾಗಿ ಮಕ್ಕಳಿಂದ ಒಂದು ವರದಿ ಹೋಗಲಿ. ಸಲಹೆಯಂತೆ ಮಾಡಿದೆವು, ಇಷ್ಟು ದಿನ ಪುಡಿ ಕೆಡದೆ ಉಳಿಯಿತು. ಅಥವಾ, ತಾವು ಹೇಳಿದ ಚೀಲದ ಬೆಲೆ ನಮಗೆ ಹೊರೆಯಾಯಿತು, ಅದನ್ನು ಬಿಟ್ಟು ಡಬ್ಬಿಗೆ ಹೋದೆವು ಎಂದು ಇದ್ದುದನ್ನು ಇದ್ದಂತೆ ಬರೆಯಲಿ. ಶಾಲಿನಿಂದ ಬಾರದವನು ಇಂಥ ಕಾಗದದಿಂದ ಎರಡನೆಯ ಸಲ ಬರುತ್ತಾನೆ, ಕೆಲವೊಮ್ಮೆ ಸ್ನೇಹಿತನನ್ನೂ ಕರೆತರುತ್ತಾನೆ.

ಹುಡುಗಿಯರ ಖರ್ಚಿನ ಹಾಳೆಯನ್ನು ತಾಯಂದಿರ ಶ್ರಮವನ್ನೂ ಸೇರಿಸಿ ಹೊಸದಾಗಿ ಬರೆಸಿ, ಅದರ ಒಂದು ಪ್ರತಿಯನ್ನು ನನಗೆ ಕಳುಹಿಸು. ಸಾಲ ಮತ್ತು ಬಡ್ಡಿಯ ಪ್ರಶ್ನೆಯೇನಾದರೂ ಎದ್ದಿದ್ದರೆ ದೀಪಾವಳಿ ಕಳೆದ ಎರಡನೆಯ ಶನಿವಾರ ಬೆಳಗಿನ ಶಾಲೆಗೆ ಬರಲು ಅಡ್ಡಿಯಿಲ್ಲ. ಎಂಟಕ್ಕೆ ಬಂದು ಒಂಬತ್ತಕ್ಕೆ ಹೊರಡುವೆನು.

ಇತಿ ನಿನ್ನ ಶುಭವನ್ನು ಕೋರುವ,
ನಿವೃತ್ತ ಬ್ಯಾಂಕ್ ಅಧಿಕಾರಿ